ಲೆಕ್ಕಕ್ಕೆ ಕಥೆ ಕಟ್ಟುವ ಮೊದಲು: ಶಿಕ್ಷಕ ಪ್ರಶಿಕ್ಷಣಾರ್ಥಿಗಳು ಗಣಿತ ಚಟುವಟಿಕೆ ರೂಪಿಸುವ ಬಗೆ

ಬೋಧನಾಭ್ಯಾಸದ ದಿನಗಳು ಹತ್ತಿರವಾದವೆಂದರೆ ಮಂಗಳೂರಿನ ಸ್ಟೇಷನರಿ ಅಂಗಡಿಗಳಲ್ಲಿ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರಾಗುವವರ ಡಿಪ್ಲೊಮಾ) ವಿದ್ಯಾರ್ಥಿಗಳ ಗುಂಪು ಕಾಣಿಸುತ್ತದೆ. ಥರ್ಮಾಕೋಲ್ ಹಾಳೆ, ಹೊಳೆಯುವ ಕಾಗದ, ಸ್ಕೆಚ್ ಪೆನ್ನು, ಅಂಟು. ನಡುರಾತ್ರಿಯವರೆಗೆ ಕತ್ತರಿಸಿ ಅಂಟಿಸಿದ ಮಾವಿನ ಮರದಲ್ಲಿ ಮರುದಿನ ಮಕ್ಕಳು ಹಣ್ಣು ಎಣಿಸುತ್ತಾರೆ. ಮರ ಚೆನ್ನಾಗಿಯೇ ಇರುತ್ತದೆ. ಆದರೆ ಆ ಮರ ಕಟ್ಟಲು ಹಿಡಿದ ಹೊತ್ತಿನ ಕಾಲುಭಾಗವನ್ನೂ ಮಗು ಅದರ ಮುಂದೆ ಕೂತು ಏನು ಯೋಚಿಸಬೇಕು ಎಂಬುದಕ್ಕೆ ಕೊಟ್ಟಿರುವುದಿಲ್ಲ. ಈ ಬರಹ ಆ ಕಾಲುಭಾಗದ ಬಗ್ಗೆ.

ಚಟುವಟಿಕೆ ಎಂದಾಗ ನನ್ನ ಮನಸ್ಸಿನಲ್ಲಿರುವುದು ಹಾಡು, ಕುಣಿತ, ಆಟಗಳಷ್ಟೇ ಅಲ್ಲ. ಮಕ್ಕಳ ಮುಂದೆ ಇಡುವ ಒಂದು ಪ್ರಶ್ನೆ, ಅದರೊಳಗಿನ ಸಂಖ್ಯೆಗಳು, ಕೈಗೆ ಕೊಡುವ ಸಾಮಗ್ರಿ, ಅವರು ಉತ್ತರವನ್ನು ತೋರಿಸಬೇಕಾದ ರೀತಿ ಎಲ್ಲವೂ ಸೇರಿ ಒಂದು ಚಟುವಟಿಕೆ. ನಾಲ್ಕನೇ ತರಗತಿಯ ಶೇಷವಿರುವ ಭಾಗಾಕಾರವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಹೋಗೋಣ. ಪ್ರಶಿಕ್ಷಣಾರ್ಥಿಗಳಿಗೆ ಹೆಚ್ಚಾಗಿ ಸಿಗುವ ಪಾಠ ಅದು, ಅತಿ ಬೇಗ ಯಾಂತ್ರಿಕವಾಗುವ ಪಾಠವೂ ಅದೇ.

ಮೊದಲ ಹೆಜ್ಜೆ: ಯಾವ ಯೋಚನೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ

ಪಾಠಯೋಜನೆಯ ಕಲಿಕಾಫಲದ ಅಂಕಣದಲ್ಲಿ ‘ಮಗು ಶೇಷವಿರುವ ಭಾಗಾಕಾರ ಮಾಡುತ್ತದೆ’ ಎಂದು ಬರೆಯುವುದು ವಾಡಿಕೆ. ಅದು ಪಾಠದ ಹೆಸರು. ಅದರಿಂದ ಚಟುವಟಿಕೆ ಹುಟ್ಟುವುದಿಲ್ಲ. ಅದರ ಕೆಳಗೆ ನಿಮ್ಮದೇ ಮಾತಿನಲ್ಲಿ ಇನ್ನೊಂದು ವಾಕ್ಯ ಸೇರಿಸಿ: ‘ಭಾಗಿಸಿದ ಮೇಲೆ ಉಳಿದದ್ದನ್ನು ಏನು ಮಾಡಬೇಕೆಂದು ಸಂದರ್ಭವನ್ನು ನೋಡಿ ತೀರ್ಮಾನಿಸಬೇಕು ಎಂದು ಮಗು ಕಂಡುಕೊಳ್ಳುತ್ತದೆ.’ ಈಗ ಕೆಲಸಕ್ಕೆ ದಿಕ್ಕು ಸಿಕ್ಕಿತು. ಒಂದೇ ಸಂದರ್ಭ ಸಾಲದು, ಉಳಿದದ್ದು ಬೇರೆ ಬೇರೆ ರೀತಿಯಲ್ಲಿ ಇತ್ಯರ್ಥವಾಗುವ ಎರಡು ಮೂರು ಸಂದರ್ಭಗಳು ಬೇಕು ಎಂಬುದು ಈ ವಾಕ್ಯದಿಂದಲೇ ಹೊರಡುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲಾ ಗಣಿತದ ಮುಖ್ಯ ಗುರಿಯೆಂದು ಹೇಳಿದ್ದು ಮಗುವಿನ ಆಲೋಚನೆಯನ್ನು ಗಣಿತೀಕರಿಸುವುದನ್ನು, ಅಂದರೆ ಗಣಿತದ ರೀತಿಯಲ್ಲಿ ಯೋಚಿಸಲು ಕಲಿಸುವುದನ್ನು. ಯೋಚನೆಯ ವಾಕ್ಯ ಬರೆಯಲು ಬಾರದಿದ್ದರೆ ಪಾಠ ಇನ್ನೂ ನಿಮಗೇ ಸ್ಪಷ್ಟವಾಗಿಲ್ಲ ಎಂದರ್ಥ. ಆಗ ಪಠ್ಯಪುಸ್ತಕಕ್ಕೆ ಮರಳಿ, ಥರ್ಮಾಕೋಲ್ ಪಕ್ಕಕ್ಕಿರಲಿ.

ಎರಡನೆಯ ಹೆಜ್ಜೆ: ನೀವೇ ಮಾಡಿ ನೋಡಿ, ಒಂದಕ್ಕಿಂತ ಹೆಚ್ಚು ದಾರಿಯಲ್ಲಿ

ನಾಲ್ಕನೇ ತರಗತಿಯ ಲೆಕ್ಕ ನಮಗೆ ಗೊತ್ತಿರುವುದೇ ಅಲ್ಲವೇ ಎಂಬ ಭಾವನೆ ಸಹಜ. ಉತ್ತರ ಗೊತ್ತಿರುವುದಕ್ಕೂ ಲೆಕ್ಕದ ಒಳಗು ಗೊತ್ತಿರುವುದಕ್ಕೂ ಅಂತರವಿದೆ. ಲಿಪಿಂಗ್ ಮಾ ಎಂಬ ವಿದ್ವಾಂಸರು ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಿಕ್ಷಕರನ್ನು ಹೋಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಪ್ರಶ್ನೆ ಇತ್ತು: ಒಂದು ಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಆಮೇಲೆ ಅದಕ್ಕೆ ಹೊಂದುವ ಒಂದು ಕಥೆ ಹೇಳಿ. ಅಮೆರಿಕದ 23 ಶಿಕ್ಷಕರಲ್ಲಿ ಲೆಕ್ಕವನ್ನು ಪೂರ್ತಿ ಸರಿಯಾಗಿ ಮಾಡಿದವರು ಅರ್ಧಕ್ಕಿಂತ ಕಡಿಮೆ, ಕಥೆಯಂತೂ ಹೆಚ್ಚುಕಡಿಮೆ ಯಾರಿಗೂ ಕೂಡಿಬರಲಿಲ್ಲ. ಚೀನಾದ 72 ಶಿಕ್ಷಕರಲ್ಲಿ ಬಹುಪಾಲು ಜನ ಸರಿಯಾದ ಕಥೆ ಕೊಟ್ಟರು.

ಈಗಲೇ ಪೆನ್ಸಿಲ್ ತೆಗೆದುಕೊಂಡು ನೀವೂ ಒಂದು ಕಥೆ ಬರೆಯಿರಿ. ‘ಒಂದು ಮುಕ್ಕಾಲು ಲೀಟರ್ ಎಣ್ಣೆಯನ್ನು ಇಬ್ಬರಿಗೆ ಸಮನಾಗಿ ಹಂಚಿದರೆ’ ಎಂದು ಬರೆದಿರಾದರೆ ಅದು ಎರಡರಿಂದ ಭಾಗಿಸಿದ ಕಥೆ. ‘ಒಂದು ಮುಕ್ಕಾಲು ಲೀಟರ್ ತೆಂಗಿನೆಣ್ಣೆಯನ್ನು ಅರ್ಧ ಲೀಟರಿನ ಬಾಟಲಿಗಳಿಗೆ ತುಂಬಿದರೆ ಎಷ್ಟು ಬಾಟಲಿ ತುಂಬುತ್ತವೆ’ ಎಂಬುದು ಸರಿಯಾದದ್ದು. ಉತ್ತರ ಮೂರೂವರೆ ಬಾಟಲಿ.

ನಮ್ಮ ಭಾಗಾಕಾರದಲ್ಲೂ ಇದೇ ಎರಡು ಮುಖಗಳಿವೆ. 30 ವಸ್ತುಗಳನ್ನು 4 ಜನರಿಗೆ ಹಂಚುವುದು ಒಂದು, 30 ವಸ್ತುಗಳಿಂದ ನಾಲ್ಕು ನಾಲ್ಕರ ಗುಂಪು ಕಟ್ಟುವುದು ಇನ್ನೊಂದು. ಬರೆದಾಗ ಎರಡೂ ಒಂದೇ, ಕೈಯಿಂದ ಮಾಡುವಾಗ ಬೇರೆ ಬೇರೆ. ಹುಣಿಸೆ ಬೀಜ ಹಿಡಿದು ಎರಡನ್ನೂ ಮಾಡಿ. ಹಂಚುವಾಗ ಕೈ ನಾಲ್ಕು ಕಡೆಗೂ ಸರದಿಯಲ್ಲಿ ಓಡುತ್ತದೆ. ಗುಂಪು ಕಟ್ಟುವಾಗ ಒಂದೇ ರಾಶಿಯಿಂದ ನಾಲ್ಕನ್ನು ಹಿಡಿದೆಳೆದು ಪಕ್ಕಕ್ಕಿಡುತ್ತದೆ. ಮಗು ಯಾವುದನ್ನು ಮಾಡುತ್ತಿದೆ ಎಂದು ದೂರದಿಂದಲೇ ಗುರುತಿಸಲು ನಿಮಗೆ ಆಗಬೇಕು. ಅದು ನಿಮ್ಮ ಕೈಯೂ ಆ ಕೆಲಸ ಮಾಡಿದ್ದರೆ ಮಾತ್ರ ಸಾಧ್ಯ.

ಮೂರನೆಯ ಹೆಜ್ಜೆ: ಸಂಖ್ಯೆಗಳನ್ನು ಆರಿಸಿ

ಈ ಹೆಜ್ಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಗಣಿತ ಚಟುವಟಿಕೆಯ ಗಟ್ಟಿತನ ಇರುವುದು ಇಲ್ಲಿಯೇ. ಬಾಯಿಗೆ ಬಂದ ಸಂಖ್ಯೆಯನ್ನು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ತಪ್ಪು ದಾರಿಯಲ್ಲಿ ಹೋದರೂ ಸರಿ ಉತ್ತರ ಬರುವಂಥ ಸಂಖ್ಯೆಗಳು ಶಿಕ್ಷಕರನ್ನು ಮೋಸಗೊಳಿಸುತ್ತವೆ.

ಬಾಹು 4 ಸೆಂ.ಮೀ. ಇರುವ ಚೌಕವನ್ನು ನೋಡಿ. ಸುತ್ತಳತೆ 16 ಸೆಂ.ಮೀ., ವಿಸ್ತೀರ್ಣ 16 ಚದರ ಸೆಂ.ಮೀ. ಸುತ್ತಳತೆ ಮತ್ತು ವಿಸ್ತೀರ್ಣದ ವ್ಯತ್ಯಾಸ ಕಲಿಸುವ ಪಾಠಕ್ಕೆ ಇದಕ್ಕಿಂತ ಕೆಟ್ಟ ಮೊದಲ ಉದಾಹರಣೆ ಇಲ್ಲ, ಆದರೂ ನೋಡಲು ಅಚ್ಚುಕಟ್ಟಾಗಿದೆ ಎಂದು ಅದನ್ನೇ ಆರಿಸುವವರು ಬಹಳ ಮಂದಿ. ಗುಣಾಕಾರದ ಮೊದಲ ಪಾಠಕ್ಕೆ 2 ಮತ್ತು 2 ಕೂಡ ಹಾಗೆಯೇ, ಕೂಡಿಸಿದರೂ ಗುಣಿಸಿದರೂ ನಾಲ್ಕು. ದಶಮಾಂಶ ಹೋಲಿಕೆಗೆ 0.45 ಮತ್ತು 0.32 ಕೊಟ್ಟರೆ ಬಿಂದುವನ್ನು ಲೆಕ್ಕಿಸದೆ 45 ದೊಡ್ಡದು ಎಂದ ಮಗುವಿಗೂ ಸರಿ ಉತ್ತರವೇ ಬರುತ್ತದೆ. 0.4 ಮತ್ತು 0.32 ಕೊಡಿ. ‘32 ದೊಡ್ಡದು’ ಎನ್ನುವ ಮಗು ಆಗ ನಿಮ್ಮ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಬೇಕಾದ ಸಹಾಯವನ್ನು ಅಂದೇ ಕೊಡಬಹುದು. ವ್ಯವಕಲನದಲ್ಲಿ 58ರಿಂದ 27 ಕಳೆಯುವಾಗ ಏನೂ ಗೊತ್ತಾಗುವುದಿಲ್ಲ. 52ರಿಂದ 27 ಕಳೆಯಲು ಹೇಳಿ. ಉತ್ತರ 35 ಎಂದು ಬಂದರೆ ಮಗು ಬಿಡಿ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು, ಅಂದರೆ ಏಳರಿಂದ ಎರಡನ್ನು ಕಳೆದಿದೆ.

ಭಾಗಾಕಾರಕ್ಕೆ ಬರೋಣ. ನಮಗೆ ಬೇಕಾದದ್ದು ಶೇಷದ ಬಗೆಗಿನ ಯೋಚನೆ. 28 ಮತ್ತು 4 ಬೇಡ, ಶೇಷವೇ ಇಲ್ಲ. 38 ಮತ್ತು 5 ಆಗಬಹುದು, ಆದರೆ ಉಳಿದ 3 ವಸ್ತುಗಳನ್ನು ಐದು ಜನರಿಗೆ ಹಂಚಬೇಕಾದರೆ ಐದನೆಯ ಭಾಗಗಳು ಬೇಕಾಗುತ್ತವೆ. ನಾಲ್ಕನೇ ತರಗತಿಯ ಮಗುವಿಗೆ ಅದು ಇನ್ನೊಂದು ಕಷ್ಟ, ಆ ಕಷ್ಟದಲ್ಲಿ ನಮ್ಮ ಉದ್ದೇಶ ಮುಳುಗಿಹೋಗುತ್ತದೆ. 30 ಮತ್ತು 4 ಆರಿಸಿದರೆ ಶೇಷ 2. ನಾಲ್ವರಿಗೆ ಎರಡನ್ನು ಹಂಚಿದರೆ ಅರ್ಧರ್ಧ, ಅದು ಎಲ್ಲ ಮಕ್ಕಳಿಗೂ ಗೊತ್ತು. 4ರ ಮಗ್ಗಿಯೂ ಸುಲಭ, ಹಾಗಾಗಿ ಮಗ್ಗಿ ಬಾರದ್ದಕ್ಕೆ ಯಾರೂ ಎಡವುವುದಿಲ್ಲ. ಪಾಠಯೋಜನೆಯ ಅಂಚಿನಲ್ಲಿ ‘30 ಮತ್ತು 4 ಏಕೆ’ ಎಂದು ಎರಡು ಸಾಲು ಬರೆದಿಡಿ. ಸಂಖ್ಯೆಯ ಆಯ್ಕೆಗೆ ಕಾರಣ ಹೇಳಲು ಬರುವ ಪ್ರಶಿಕ್ಷಣಾರ್ಥಿಯ ಪಾಠವನ್ನು ನಾನು ನಿಶ್ಚಿಂತೆಯಿಂದ ಹಿಂದಿನ ಬೆಂಚಿನಲ್ಲಿ ಕೂತು ನೋಡಬಲ್ಲೆ.

ನಾಲ್ಕನೆಯ ಹೆಜ್ಜೆ: ಸಂದರ್ಭ ನಿಜವಾಗಿರಲಿ

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಹೊತ್ತಿಗೆ ಚಿಕ್ಕ ತರಗತಿಗಳ ಮಕ್ಕಳ ಮುಂದೆ ಒಂದು ಪ್ರಶ್ನೆ ಇಟ್ಟರು: ‘ಒಂದು ಹಡಗಿನಲ್ಲಿ 26 ಕುರಿ, 10 ಆಡುಗಳಿವೆ. ಕಪ್ತಾನನ ವಯಸ್ಸೆಷ್ಟು?’ 97 ಮಕ್ಕಳಲ್ಲಿ 76 ಮಂದಿ ಆ ಸಂಖ್ಯೆಗಳನ್ನು ಕೂಡಿಸಿಯೋ ಕಳೆದೋ ಒಂದು ವಯಸ್ಸು ಹೇಳಿದರು. ಶಾಲೆಯ ಲೆಕ್ಕದಲ್ಲಿ ಕಥೆಗೆ ಅರ್ಥವಿರಬೇಕಾಗಿಲ್ಲ, ಸಂಖ್ಯೆಗಳನ್ನು ಹೆಕ್ಕಿ ಏನಾದರೂ ಮಾಡಿದರೆ ಸಾಕು ಎಂದು ಆ ಮಕ್ಕಳು ಕಲಿತುಬಿಟ್ಟಿದ್ದರು. ಅಮೆರಿಕದಲ್ಲಿ 1980ರ ದಶಕದ ಆರಂಭದ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ 13 ವರ್ಷದವರಿಗೆ ಕೇಳಿದ್ದು ಇನ್ನೂ ಸರಳ: ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದಾದರೆ 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಸುಮಾರು ಶೇ. 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿ ಮಾಡಿದರು, 32 ಬಸ್ಸು ಎಂದವರು ಶೇ. 23 ಮಾತ್ರ. ಅದಕ್ಕಿಂತ ಹೆಚ್ಚು ಮಂದಿ ಬರೆದದ್ದು ‘31, ಶೇಷ 12’ ಎಂದು.

ಶೇಷ 12 ಬಸ್ಸು ಎಲ್ಲಿಯೂ ಓಡುವುದಿಲ್ಲ. ಹಾಗಾಗಿ ಮಗು ನಿಜಕ್ಕೂ ನೋಡಿರುವ, ಕೈಯಲ್ಲಿ ಹಿಡಿದಿರುವ ಸಂದರ್ಭ ಬೇಕು. ನಮ್ಮ 30 ಮತ್ತು 4ಕ್ಕೆ ಕರಾವಳಿಯಲ್ಲಿ ಸಿಗುವ ಮೂರು ಕಥೆಗಳು ಇವು (ಚೆಂಡು, ಅಟ್ಟೆ ಎಂಬುವು ಇಲ್ಲಿ ಮಲ್ಲಿಗೆ ಮಾರುವ ಕಟ್ಟಿನ ಅಳತೆಗಳು):

ಒಂದು: 30 ಮಕ್ಕಳಿದ್ದಾರೆ, ಒಂದು ಬೆಂಚಿಗೆ 4 ಮಂದಿ. ಎಷ್ಟು ಬೆಂಚು ಬೇಕು?

ಎರಡು: ಅಮ್ಮ 30 ಚೆಂಡು ಮಲ್ಲಿಗೆ ಕಟ್ಟಿದ್ದಾರೆ. 4 ಚೆಂಡಿಗೆ ಒಂದು ಅಟ್ಟೆ. ಎಷ್ಟು ಅಟ್ಟೆ ಮಾರಬಹುದು?

ಮೂರು: 30 ನೀರುದೋಸೆ, ಮನೆಯಲ್ಲಿ 4 ಜನ. ಎಲ್ಲರಿಗೂ ಸಮಪಾಲು ಬರಬೇಕು. ಒಬ್ಬರಿಗೆ ಎಷ್ಟು?

ಬೆಂಚು 8, ಅಟ್ಟೆ 7 ಮತ್ತು ಎರಡು ಚೆಂಡು ಕೈಯಲ್ಲಿ, ದೋಸೆ ಏಳೂವರೆ. ಭಾಗಾಕಾರ ಒಂದೇ, ಉತ್ತರ ಮೂರು. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ‘ಒಂದೇ ಲೆಕ್ಕಕ್ಕೆ ಮೂರು ಉತ್ತರ ಹೇಗೆ?’ ಎಂಬ ಪ್ರಶ್ನೆಯನ್ನು ನೀವು ಕೇಳಬೇಕಾಗಿಲ್ಲ, ಯಾವುದಾದರೂ ಮಗು ಕೇಳುತ್ತದೆ.

ಸಂದರ್ಭ ಹುಡುಕುವಾಗ ಸ್ಥಳೀಯರನ್ನು ವಿಚಾರಿಸಿಯೇ ಬರೆಯಿರಿ. ಶಂಕರಪುರದ ಸುತ್ತಿನ ಮಲ್ಲಿಗೆ ಬೆಳೆಗಾರರ ಮನೆಯ ಮಗುವಿಗೆ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂಬುದು ಮಗ್ಗಿಗಿಂತ ಮೊದಲೇ ಬಂದಿರುತ್ತದೆ. ಅದೇ ಕಥೆಯನ್ನು ಮಂಗಳೂರಿನ ನಗರ ಶಾಲೆಗೆ ಒಯ್ದರೆ ಅಟ್ಟೆ ಎಂದರೇನೆಂದು ವಿವರಿಸುವುದರಲ್ಲೇ ಅರ್ಧ ಅವಧಿ ಮುಗಿಯಬಹುದು. ಅಲ್ಲಿ ಬೇರೆ ಕಟ್ಟು ಹುಡುಕಿ. ತೆಂಗಿನಕಾಯಿಯನ್ನು ಕಿಲೋ ಲೆಕ್ಕದಲ್ಲಿ ಮಾರುವ ಊರಿನಲ್ಲಿ ‘ಒಂದು ಕಾಯಿಗೆ 10 ರೂಪಾಯಿಯಾದರೆ’ ಎಂದು ಬರೆಯಬೇಡಿ. ಅಪ್ಪನ ಜೊತೆ ಅಂಗಡಿಗೆ ಹೋಗಿ ಬಂದ ಮಗು ಆ ಕ್ಷಣವೇ ನಿಮ್ಮ ಕಥೆಯನ್ನು ನಂಬುವುದನ್ನು ಬಿಡುತ್ತದೆ. ಬಂಗುಡೆ, ಬೂತಾಯಿ ಮೀನಿನ ಲೆಕ್ಕ ಮೀನುಗಾರಿಕೆಯ ಊರಾದ ಮಲ್ಪೆಯ ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು. ಬೆಲೆ ಮಾತ್ರ ಹಿಂದಿನ ದಿನ ವಿಚಾರಿಸಿದ್ದಾಗಿರಲಿ. ಮಧ್ಯಾಹ್ನದ ಬಿಸಿಯೂಟ ಎಲ್ಲ ಮಕ್ಕಳಿಗೂ ಸಮಾನವಾಗಿ ಗೊತ್ತಿರುವ ಸಂದರ್ಭ. ಏನೂ ತೋಚದಿದ್ದರೆ ಅಡುಗೆಕೋಣೆಗೆ ಹೋಗಿ ಅಡುಗೆಯವರನ್ನು ಎಷ್ಟು ಮಕ್ಕಳಿಗೆ ಎಷ್ಟು ಅಕ್ಕಿ ಎಂದು ಕೇಳಿ. ಅಲ್ಲಿ ಒಂದು ತಿಂಗಳಿಗಾಗುವಷ್ಟು ಗಣಿತವಿದೆ.

ಐದನೆಯ ಹೆಜ್ಜೆ: ಪ್ರಶ್ನೆಯನ್ನು ತಿರುಗಿಸಿ ತೆರೆಯಿರಿ

ಇದು ಅತಿ ಸುಲಭದ ತಂತ್ರ, ಖರ್ಚಿಲ್ಲದ್ದು. ಉತ್ತರವನ್ನು ಕೊಟ್ಟು ಪ್ರಶ್ನೆಯನ್ನು ಕೇಳಿ. ‘ಉದ್ದ 8, ಅಗಲ 4 ಇರುವ ಆಯತದ ಸುತ್ತಳತೆ ಎಷ್ಟು’ ಎಂಬುದನ್ನು ‘ಸುತ್ತಳತೆ 24 ಸೆಂ.ಮೀ. ಇರುವ ಎಷ್ಟು ಆಯತಗಳನ್ನು ಚೌಕುಳಿ ಹಾಳೆಯಲ್ಲಿ ಬಿಡಿಸಬಲ್ಲಿರಿ’ ಎಂದು ಮಾಡಿ. ಗೆರೆಗಳ ಮೇಲೆಯೇ ಬಿಡಿಸಿದರೆ ಆರು ಆಯತಗಳು ಸಿಗುತ್ತವೆ: ಉದ್ದ 11 ಅಗಲ 1ರಿಂದ ಹಿಡಿದು 6ಕ್ಕೆ 6ರ ಚೌಕದವರೆಗೆ. ವಿಸ್ತೀರ್ಣ 11ರಿಂದ 36ಕ್ಕೆ ಏರುತ್ತದೆ. ನಿಧಾನವಾಗಿ ಕಲಿಯುವ ಮಗು ಎರಡು ಆಯತ ಬಿಡಿಸಿ ಗೆಲ್ಲುತ್ತದೆ, ಚುರುಕಿನ ಮಗು ‘ಇನ್ನು ಇಲ್ಲ’ ಎಂದು ಸಾಧಿಸಲು ಒದ್ದಾಡುತ್ತದೆ. ಇಬ್ಬರಿಗೂ ಒಂದೇ ಪ್ರಶ್ನೆ ಸಾಕಾಯಿತು. ಭಾಗಾಕಾರದಲ್ಲಿ: ‘ಶೇಷ 2 ಬರುವ ಒಂದು ಬೆಂಚಿನ ಲೆಕ್ಕವನ್ನು ನೀವೇ ಕಟ್ಟಿ.’

ಆರನೆಯ ಹೆಜ್ಜೆ: ಮಕ್ಕಳ ಉತ್ತರಗಳನ್ನು ಮುಂಚೆಯೇ ಬರೆದಿಡಿ

ಗಣಿತ ಶಿಕ್ಷಣದ ಸಂಶೋಧಕರಾದ ಮಾರ್ಗರೆಟ್ ಸ್ಮಿತ್ ಮತ್ತು ಮೇರಿ ಕೇ ಸ್ಟೈನ್ ತರಗತಿಯಲ್ಲಿ ಗಣಿತ ಚರ್ಚೆ ನಡೆಸಲು ಹೇಳಿದ ಐದು ರೂಢಿಗಳಲ್ಲಿ ಮೊದಲನೆಯದೇ ಇದು: ತರಗತಿಗೆ ಹೋಗುವ ಮುನ್ನ ಮಕ್ಕಳು ಏನು ಹೇಳಬಹುದೆಂದು ಊಹಿಸುವುದು. ಒಂದು ಹಾಳೆಯನ್ನು ಮಧ್ಯದಲ್ಲಿ ಮಡಚಿ, ಎಡಗಡೆ ನಿರೀಕ್ಷಿತ ಉತ್ತರ, ಬಲಗಡೆ ಅದಕ್ಕೆ ನೀವು ಕೇಳುವ ಮರುಪ್ರಶ್ನೆ. ಬೆಂಚಿನ ಲೆಕ್ಕಕ್ಕೆ ಹೀಗಾಗಬಹುದು.

‘120’: ಮಗು ಗುಣಿಸಿದೆ. ‘ನಮ್ಮ ಶಾಲೆಯಲ್ಲಿ ಒಟ್ಟು ಎಷ್ಟು ಬೆಂಚುಗಳಿವೆ, ನೋಡಿ ಬಾ’ ಎನ್ನಿ. ತಪ್ಪು ಎಂದು ಹೇಳುವ ಅಗತ್ಯ ಬರುವುದಿಲ್ಲ.

‘7, ಶೇಷ 2’: ‘ಆ ಎರಡು ಏನು? ಬೆಂಚೋ, ಮಕ್ಕಳೋ?’ ಎಂದು ಕೇಳಿ. ಈ ಒಂದು ಪ್ರಶ್ನೆಗಾಗಿಯೇ ಇಡೀ ಚಟುವಟಿಕೆ ಇರುವುದು. ಹಾಗಾಗಿ ಉತ್ತರ ಬರುವವರೆಗೆ ಕಾಯಿರಿ.

‘7 ಸಾಕು ಟೀಚರ್, ಉಳಿದ ಇಬ್ಬರು ಸ್ವಲ್ಪ ಒತ್ತಿಕೊಂಡು ಕೂರಬಹುದು’: ಇದನ್ನು ತಪ್ಪು ಎಂದು ಅಳಿಸಿಬಿಟ್ಟರೆ ಒಳ್ಳೆಯ ಯೋಚನೆಯೊಂದನ್ನು ಕೊಂದಂತೆ. ಮಗು ಸಂದರ್ಭವನ್ನು ನಿಜವೆಂದು ತೆಗೆದುಕೊಂಡಿದೆ, ನಮಗೆ ಬೇಕಾದದ್ದೂ ಅದೇ. ‘ಹಾಗಾದರೆ ಎಷ್ಟು ಬೆಂಚಿನಲ್ಲಿ ಐದು ಮಂದಿ, ಎಷ್ಟರಲ್ಲಿ ನಾಲ್ಕು?’ ಎಂದು ಮುಂದುವರಿಸಿ. ಎರಡು ಬೆಂಚಿನಲ್ಲಿ ಐದು, ಐದು ಬೆಂಚಿನಲ್ಲಿ ನಾಲ್ಕು. 10ಕ್ಕೆ 20 ಕೂಡಿದರೆ 30.

‘8’: ‘ಎಂಟನೆಯ ಬೆಂಚಿನಲ್ಲಿ ಎಷ್ಟು ಜಾಗ ಖಾಲಿ?’ ಎಂದು ಕೇಳಿ. ಸರಿ ಉತ್ತರ ಕೊಟ್ಟವರಿಗೂ ಒಂದು ಪ್ರಶ್ನೆ ಕೈಯಲ್ಲಿರಲಿ, ಇಲ್ಲವಾದರೆ ಅವರು ಸುಮ್ಮನೆ ಕೂತು ಪಕ್ಕದವರಿಗೆ ಉತ್ತರ ಹೇಳಿಕೊಡುತ್ತಾರೆ.

ಹಾಳೆಯ ಎಡಬದಿ ತುಂಬಿಸಲಾಗದಿದ್ದರೆ ಪಕ್ಕದ ಮನೆಯ ಮಗುವನ್ನು ಕೂರಿಸಿ ಕೇಳಿ.

ಏಳನೆಯ ಹೆಜ್ಜೆ: ಸಾಮಗ್ರಿ ಮತ್ತು ಭಾಷೆ

ಸಾಮಗ್ರಿಯ ಬಗ್ಗೆ ನನ್ನ ಕಟ್ಟುನಿಟ್ಟಿನ ಮಾತು ಒಂದೇ: ಶಿಕ್ಷಕರ ಕೈಯಲ್ಲಿ ಒಂದು ಇರುವುದಕ್ಕಿಂತ ಪ್ರತಿ ಗುಂಪಿನ ಕೈಯಲ್ಲಿ ಒಂದೊಂದು ಇರಲಿ. ಹುಣಿಸೆ ಬೀಜ, ಬೆಂಕಿಕಡ್ಡಿ, ಅಡಿಕೆ ಸಾಕು. ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದ ಕಲಿಕಾ ಸಾಮಗ್ರಿಯ ಕಿಟ್ ಇದ್ದರೆ ಕಪಾಟಿನಿಂದ ಹೊರತೆಗೆಯಿರಿ.

ತುಳುನಾಡಿನಲ್ಲಿ ಪಾಠ ಮಾಡುವವರಿಗೆ ಚೆನ್ನೆಮಣೆಯಷ್ಟು ಒಳ್ಳೆಯ ಗಣಿತೋಪಕರಣ ಇನ್ನೊಂದಿಲ್ಲ. ಎರಡು ಸಾಲಿನಲ್ಲಿ ಏಳೇಳು ಗುಳಿಗಳು, ಆರಂಭದಲ್ಲಿ ಪ್ರತಿ ಗುಳಿಗೆ ನಾಲ್ಕು ಕಾಯಿ. ಒಟ್ಟು ಎಷ್ಟು ಎಂದು ಎಣಿಸದೆ ಹೇಳಲು ಕೇಳಿದರೆ ಒಂದು ಮಗು 28ನ್ನು ಇಮ್ಮಡಿಗೊಳಿಸುತ್ತದೆ, ಇನ್ನೊಂದು ಎದುರುಬದುರು ಗುಳಿಗಳನ್ನು ಜೋಡಿಸಿ ಏಳೆಂಟ್ಲಿ ಐವತ್ತಾರು ಎನ್ನುತ್ತದೆ. ಈಗ ಒಂದು ಗುಳಿಯ ನಾಲ್ಕು ಕಾಯಿಗಳನ್ನು ತೆಗೆದು ಮುಂದಿನ ನಾಲ್ಕು ಗುಳಿಗಳಿಗೆ ಒಂದೊಂದಾಗಿ ಹಾಕಿಸಿ. ಒಂದು ಗುಳಿ ಖಾಲಿ, ನಾಲ್ಕರಲ್ಲಿ ಐದೈದು, ಒಂಬತ್ತರಲ್ಲಿ ನಾಲ್ನಾಲ್ಕು. 20ಕ್ಕೆ 36 ಸೇರಿ ಮತ್ತೆ 56. ಒಟ್ಟು ಬದಲಾಗಲಿಲ್ಲ ಏಕೆ ಎಂದು ಮಕ್ಕಳೇ ಹೇಳಲಿ. ಮಣೆ ಸಿಗದಿದ್ದರೆ ಹದಿನಾಲ್ಕು ಕಾಗದದ ಲೋಟ ಸಾಕು.

ಭಾಷೆಯ ವಿಷಯ. ಮಂಗಳೂರಿನ ಒಂದೇ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಹಿಂದಿ ಮನೆಮಾತಿನ ಮಕ್ಕಳಿರುತ್ತಾರೆ, ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಮಕ್ಕಳೂ ಇರುತ್ತಾರೆ. ಗುಂಪಿನೊಳಗಿನ ಮಾತು ಯಾವ ಭಾಷೆಯಲ್ಲಾದರೂ ಇರಲಿ, ಹೊರಗೆ ಹೇಳುವಾಗ ಕನ್ನಡ ಬಂದರೆ ಸಾಕು. ಕೊಂಕಣಿ, ಹಿಂದಿಯಲ್ಲಿ 25 ಹೇಳುವಾಗ ಐದು ಮೊದಲು ಕೇಳಿಸುತ್ತದೆ, ಕನ್ನಡ, ತುಳುವಿನಲ್ಲಿ ಇಪ್ಪತ್ತು ಮೊದಲು. 25ರ ಬದಲು 52 ಬರೆದ ಮಗುವಿಗೆ ಸ್ಥಾನಬೆಲೆ ಗೊತ್ತಿಲ್ಲ ಎಂದು ತೀರ್ಪು ಕೊಡುವ ಮೊದಲು ಇದನ್ನು ನೆನಪಿಡಿ. ಪ್ರಶ್ನೆಯ ವಾಕ್ಯಗಳು ಗಿಡ್ಡವಾಗಿರಲಿ, ಒಂದು ವಾಕ್ಯಕ್ಕೆ ಒಂದೇ ಸಂಗತಿ.

ನಿಮಗೆ ಸಿಕ್ಕಿದ್ದು ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ತರಗತಿಯಾದರೆ ಇನ್ನೊಂದು ಎಚ್ಚರ ಬೇಕು. ಅಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಸಿಗುವ ಸಹಾಯಕ್ಕೆ ತಕ್ಕಂತೆ ಮಾಡಿದ ಐದು ಗುಂಪುಗಳಲ್ಲಿ ಹಂಚಿಹೋಗಿರುತ್ತಾರೆ, ನೀವು ಪೂರ್ತಿ ಜೊತೆಗಿರುವುದು ಒಂದರ ಜೊತೆ ಮಾತ್ರ. ಸ್ವಕಲಿಕೆಯ ತಟ್ಟೆಗೆ ಹೋಗುವ ಚಟುವಟಿಕೆ ಓದಲು ಬಾರದ ಮಗುವಿಗೂ ಚಿತ್ರ ನೋಡಿಯೇ ತಿಳಿಯಬೇಕು, ಸರಿಯೋ ತಪ್ಪೋ ಎಂಬುದು ಸಾಮಗ್ರಿಯಿಂದಲೇ ಗೊತ್ತಾಗಬೇಕು. ಚೆನ್ನೆಮಣೆಯ ಲೆಕ್ಕ ಇಲ್ಲಿಗೂ ಹೊಂದುತ್ತದೆ.

ಎಂಟನೆಯ ಹೆಜ್ಜೆ: ತರಗತಿಯಲ್ಲಿ ಬಾಯಿ ಬಿಗಿಹಿಡಿಯಿರಿ

ಇಷ್ಟೆಲ್ಲ ಮಾಡಿ ರೂಪಿಸಿದ ಚಟುವಟಿಕೆ ಕೆಡುವುದು ಹೆಚ್ಚಾಗಿ ಒಂದೇ ಮಾತಿನಿಂದ. ಮಕ್ಕಳು ಸ್ವಲ್ಪ ತಡವರಿಸುತ್ತಿದ್ದಂತೆ, ಹಿಂದೆ ಪರೀಕ್ಷಕರು ಕೂತಿದ್ದಾರೆ ಎಂಬ ಆತಂಕದಲ್ಲಿ ಪ್ರಶಿಕ್ಷಣಾರ್ಥಿ ‘30ನ್ನು 4ರಿಂದ ಭಾಗಿಸಿ, ಶೇಷ ಬಂದರೆ ಒಂದು ಸೇರಿಸಿ’ ಎಂದುಬಿಡುತ್ತಾರೆ. ಅಲ್ಲಿಗೆ ಯೋಚನೆ ಮುಗಿದು ಆಜ್ಞಾಪಾಲನೆ ಶುರುವಾಗುತ್ತದೆ. ಅಟ್ಟೆಯ ಲೆಕ್ಕಕ್ಕೂ ಮಕ್ಕಳು ಒಂದು ಸೇರಿಸಿ 8 ಎನ್ನುತ್ತಾರೆ. ಕಾಗದದ ಮೇಲೆ ಗಟ್ಟಿಯಾಗಿದ್ದ ಕೆಲಸ ತರಗತಿಯಲ್ಲಿ ಹೀಗೆ ತೆಳುವಾಗುವುದನ್ನು ಸ್ಟೈನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲೇ ದಾಖಲಿಸಿದ್ದರು.

ಅದಕ್ಕಾಗಿ ಪಾಠಯೋಜನೆಯಲ್ಲಿ ‘ನಾನು ಹೇಳಬಾರದ ಮಾತು’ ಎಂಬ ಅಂಕಣ ಮಾಡಿ, ಅಲ್ಲಿ ಆ ವಾಕ್ಯವನ್ನು ಬರೆದುಕೊಳ್ಳಿ. ಪ್ರಶ್ನೆ ಓದಿದ ಮೇಲೆ ಐದು ನಿಮಿಷ ಮಕ್ಕಳ ನಡುವೆ ಓಡಾಡಿ, ಬರೆಯುತ್ತಿರುವುದನ್ನು ನೋಡಿ, ಕರಿಹಲಗೆಯ ಬಳಿಗೆ ಹೋಗಬೇಡಿ. ಯಾವ ಮೂವರು ಮುಂದೆ ಬಂದು ತೋರಿಸಬೇಕು, ಯಾವ ಕ್ರಮದಲ್ಲಿ ಎಂದು ಆಗಲೇ ಗುರುತು ಹಾಕಿಕೊಳ್ಳಿ. ಚಿತ್ರ ಬಿಡಿಸಿದ ಮಗು ಮೊದಲು, ಮಗ್ಗಿ ಬಳಸಿದ ಮಗು ಆಮೇಲೆ, ಭಾಗಾಕಾರ ಬರೆದವರು ಕೊನೆಗೆ ಬಂದರೆ ಒಂದರಲ್ಲಿ ಇನ್ನೊಂದು ಅಡಗಿರುವುದು ಎಲ್ಲರಿಗೂ ಕಾಣುತ್ತದೆ. ಮೊದಲೇ ಭಾಗಾಕಾರ ಬಂದರೆ ಚಿತ್ರ ಬಿಡಿಸಿದ ಮಗು ಪುಸ್ತಕ ಮುಚ್ಚಿಕೊಳ್ಳುತ್ತದೆ.

ಒಂಬತ್ತನೆಯ ಹೆಜ್ಜೆ: ಪುಸ್ತಕಗಳನ್ನು ವಿಂಗಡಿಸಿ, ತಿದ್ದಿ ಬರೆಯಿರಿ

ಪಾಠ ಮುಗಿದ ದಿನವೇ ಮಕ್ಕಳ ಪುಸ್ತಕಗಳನ್ನು ಮೂರು ರಾಶಿ ಮಾಡಿ: ಸಂದರ್ಭ ನೋಡಿ ಉತ್ತರಿಸಿದವರು, ಭಾಗಾಕಾರ ಸರಿ ಮಾಡಿ ಅಲ್ಲಿಗೇ ನಿಂತವರು, ಭಾಗಾಕಾರದಲ್ಲೇ ಎಡವಿದವರು. ಅಂಕ ಬೇಡ. ಎರಡನೆಯ ರಾಶಿ ದೊಡ್ಡದಿದ್ದರೆ ಚಟುವಟಿಕೆಯ ಕಥೆ ದುರ್ಬಲವಾಗಿದೆ, ಮೂರನೆಯದು ದೊಡ್ಡದಿದ್ದರೆ ಸಂಖ್ಯೆ ಭಾರವಾಗಿದೆ. ಅದಕ್ಕೆ ತಕ್ಕಂತೆ ಒಂದನ್ನು ಮಾತ್ರ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ತಿದ್ದಿದ ಚಟುವಟಿಕೆಯನ್ನು ಬೇರೆ ಶಾಲೆಯಲ್ಲಿ ಬೋಧನಾಭ್ಯಾಸ ಮಾಡುತ್ತಿರುವ ನಿಮ್ಮ ಸಹಪಾಠಿಗೆ ಕೊಡಿ. ಅವರು ಪಾಠ ಮಾಡುವಾಗ ಅನುಮತಿ ಪಡೆದು ಹಿಂದೆ ಕೂತುಕೊಳ್ಳಿ, ಇಡೀ ತರಗತಿಯನ್ನು ನೋಡುವ ಬದಲು ಒಂದೇ ಮಗುವಿನ ಪಕ್ಕದಲ್ಲಿ ಕೂತು ಅದು ಬರೆದದ್ದು, ಅಳಿಸಿದ್ದು, ಬೆರಳು ಮಡಚಿದ್ದು ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಮುಂದಿನ ಪಾಠಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ದ ಎಡಬದಿ ತುಂಬುವುದು ಆ ಟಿಪ್ಪಣಿಗಳಿಂದಲೇ.